ಮಾಂಟ್ರಿಯಲ್ ಐಸ್ ಅಕಾಡೆಮಿ: ಕುಣಿದವರೇ ಕಲಿಸುವ ಶಾಲೆ

ಹಿಮದ ಹಾಸಿನ ಮೇಲೆ ಇಬ್ಬರು ಜೋಡಿಯಾಗಿ ಕುಣಿಯುವ ಐಸ್ ಡಾನ್ಸ್‌ನಲ್ಲಿ 2015ರಿಂದ 2025ರವರೆಗಿನ ವಿಶ್ವ ಚಾಂಪಿಯನ್ನರ ಪಟ್ಟಿ ತೆಗೆದು ನೋಡಿ. 2020ರಲ್ಲಿ ಕೂಟವೇ ನಡೆಯಲಿಲ್ಲ, 2021ರ ಚಿನ್ನ ರಷ್ಯಾದ ಜೋಡಿಗೆ ಹೋಯಿತು. ಉಳಿದ ಒಂಬತ್ತೂ ಸಲ ಗೆದ್ದವರು ತಯಾರಾದದ್ದು ಒಂದೇ ಕಡೆ, ಮರಿ-ಫ್ರಾನ್ಸ್ ಡುಬ್ರೆಯ್ ಮತ್ತು ಪತ್ರಿಸ್ ಲೋಜೋನ್ ದಂಪತಿ ಕೆನಡಾದಲ್ಲಿ ಕಟ್ಟಿದ ಈ ಶಾಲೆಯಲ್ಲಿ. 2014ರಲ್ಲಿ ಫ್ರಾನ್ಸ್‌ನಿಂದ ಕೋಚ್ ರೊಮೇನ್ ಹಾಗೆನೋವರ್ ಬಂದು ಸೇರಿಕೊಂಡ ಮೇಲೆ ಇದರ ವೇಗವೇ ಬೇರೆಯಾಯಿತು.

ದಂಪತಿ ಐದು ಸಲ ಕೆನಡಾ ಚಾಂಪಿಯನ್ನರು, 2006 ಮತ್ತು 2007ರಲ್ಲಿ ವಿಶ್ವ ಬೆಳ್ಳಿ. 2006ರ ಟುರಿನ್ ಒಲಿಂಪಿಕ್ಸ್‌ನಲ್ಲಿ ಸುತ್ತುವ ಲಿಫ್ಟ್‌ನಿಂದ ಡುಬ್ರೆಯ್ ಮಂಜಿನ ಮೇಲೆ ಬಿದ್ದು ಗಾಯಗೊಂಡರು, ಜೋಡಿ ಸ್ಪರ್ಧೆಯಿಂದಲೇ ಹಿಂದೆ ಸರಿಯಿತು. ಇಂಥ ಲಿಫ್ಟ್‌ನಲ್ಲಿ ಎತ್ತಿದವನು ಗಿರಗಿರನೆ ತಿರುಗುವಾಗ ಮೇಲಿದ್ದವಳ ದೇಹ ಹೊರಕ್ಕೆ ಎಳೆಯುತ್ತದೆ, ಅಷ್ಟೂ ಭಾರ ಹಿಡಿತದ ಮೇಲೆ ಬೀಳುತ್ತದೆ. ಎತ್ತುವಾಗಲೇ ಹಿಡಿತ ಒಂದಿಷ್ಟು ಜಾರಿದ್ದರೆ ನಡುವೆ ಸರಿಪಡಿಸಲು ಸಮಯವಿಲ್ಲ. ಚಿಕ್ಕ ಲಿಫ್ಟ್‌ಗೆ ಇರುವುದೇ ಏಳು ಸೆಕೆಂಡು, ಮೀರಿದರೆ ಒಂದು ಅಂಕ ಕಡಿತ. ಅದಕ್ಕೇ ಲಿಫ್ಟನ್ನು ಮೊದಲು ನೆಲದ ಮೇಲೆ, ಷೂ ಹಾಕಿಕೊಂಡು ಪಳಗಿಸಿಕೊಳ್ಳಬೇಕು. ಬಿದ್ದು ಎದ್ದವರು ಇದನ್ನು ಹೇಳಿಕೊಟ್ಟರೆ ಅದರ ತೂಕವೇ ಬೇರೆ.

ಈ ಶಾಲೆಯ ಜೋಡಿಗಳನ್ನು ಗುರುತಿಸಬೇಕೆಂದರೆ ಮಂಡಿ ನೋಡಿ. ಇಬ್ಬರ ಮಂಡಿಯೂ ಒಂದೇ ಹೊತ್ತಿಗೆ, ಒಂದೇ ಆಳಕ್ಕೆ ಬಾಗುತ್ತದೆ. ಹಾಗಾಗಿ ಮೈಗೆ ಮೈ ತಾಗುವಷ್ಟು ಹತ್ತಿರವಿದ್ದರೂ ಕಾಲಿಗೆ ಕಾಲು ಸಿಕ್ಕಿಕೊಳ್ಳುವುದಿಲ್ಲ, ವೇಗವೂ ಇಳಿಯುವುದಿಲ್ಲ. ಫ್ರಾನ್ಸ್‌ನ ಗಬ್ರಿಯೆಲಾ ಪಪಡಾಕಿಸ್ ಮತ್ತು ಗಿಯೋಮ್ ಸಿಝೆರೋನ್ ಜಾರುವಾಗ ತಳ್ಳಿದ್ದು ಯಾವಾಗ ಎಂದೇ ಗೊತ್ತಾಗುತ್ತಿರಲಿಲ್ಲ.

ಅದೇ ಮಂಡಿಯ ಪರೀಕ್ಷೆ ಟ್ವಿಝಲ್‌ನಲ್ಲಿ. ಒಂದೇ ಕಾಲಿನ ಮೇಲೆ ತಿರುಗುತ್ತ ಮುಂದೆ ಸಾಗಬೇಕು, ನಡುವೆ ನಿಲ್ಲುವಂತಿಲ್ಲ. ಭಾರ ಪಾದದ ಮುಂಭಾಗದ ಉಬ್ಬಿಗಿಂತ ತುಸು ಹಿಂದಿರಬೇಕು. ಹಿಮ್ಮಡಿಗೆ ಜಾರಿತೋ ಬ್ಲೇಡ್ ಕೆರೆಯುತ್ತದೆ, ತೀರಾ ಮುಂದಾಯಿತೋ ತುದಿಯ ಹಲ್ಲು ಕಚ್ಚುತ್ತದೆ. ಒಂದು ಭುಜ ಇಳಿದರೆ ಸಾಗುವ ದಾರಿ ವಕ್ರವಾಗಿ ಜೊತೆಗಾರರಿಂದ ದೂರ ಒಯ್ಯುತ್ತದೆ. ಇನ್ನೊಂದು ಕಾಲು ಊರಿಬಿಟ್ಟರಂತೂ ಅಂಕ ಅಲ್ಲೇ ಹೋಯಿತು.

2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಕೆನಡಾದ ಟೆಸ್ಸಾ ವರ್ಚ್ಯೂ ಮತ್ತು ಸ್ಕಾಟ್ ಮೊಯಿರ್ ಅವರಿಗೆ 206.07 ಅಂಕ, ಬೆಳ್ಳಿ ಗೆದ್ದ ಪಪಡಾಕಿಸ್ ಜೋಡಿಗೆ 205.28. ಎರಡು ಜೋಡಿಗೂ ಈ ಶಾಲೆಯವರೇ ಕೋಚ್‌ಗಳು. ಎದುರಾಳಿಯ ಜೊತೆಗೇ ದಿನಾ ಒಂದೇ ರಿಂಕ್‌ನಲ್ಲಿ ಅಭ್ಯಾಸ ಮಾಡುವುದು ಎಲ್ಲರ ಮನಸ್ಸಿಗೂ ಒಗ್ಗದು. ಸೇರುವವರು ಇದನ್ನು ಮೊದಲೇ ಯೋಚಿಸಬೇಕು.

ಒಂದು ಕೊರತೆಯೂ ಉಂಟು. ನಿಧಾನದ ಪಿಯಾನೊ, ಮೃದುವಾಗಿ ಏಳುವ ತೋಳುಗಳು, ಉಸಿರಾಡಿದಂಥ ಚಲನೆ ಇಲ್ಲಿನ ಮುದ್ರೆಯಾಗಿಬಿಟ್ಟಿದೆ. ಪಪಡಾಕಿಸ್ ಜೋಡಿಗೆ ಒಪ್ಪಿದ್ದನ್ನು ಮಂಡಿ ಪಳಗದ ಕಿರಿಯರು ಅನುಕರಿಸಿದರೆ ತೋಳಷ್ಟೇ ಕಾಣುತ್ತದೆ, ಕುಣಿತ ಕಾಣುವುದಿಲ್ಲ. ಸ್ಪರ್ಧೆಯ ಮೊದಲ ಸುತ್ತಾದ ರಿದಮ್ ಡಾನ್ಸ್‌ನಲ್ಲಿ ಹಿಪ್‌ಹಾಪ್ ಹಿನ್ನೆಲೆಯ ನೃತ್ಯ ಸಂಯೋಜಕ ಸ್ಯಾಮ್ಯುಯೆಲ್ ಶೊಯಿನಾರ್ ಕೈಯಾಡಿಸಿದ ಕಡೆ ಈ ಏಕತಾನ ಚೆನ್ನಾಗಿ ಮುರಿಯುತ್ತದೆ, ಅದು ಇನ್ನೂ ಹೆಚ್ಚಲಿ.

ಕೆನಡಾದಲ್ಲಿರುವ ನಮ್ಮವರು ಮಗುವನ್ನು ಮೊದಲ ದಿನವೇ ಇಲ್ಲಿಗೆ ಕರೆದೊಯ್ಯುವುದು ಬೇಡ. ಮನೆ ಹತ್ತಿರದ ಕ್ಲಬ್‌ನಲ್ಲಿ ಆರಂಭಿಕರ ಪಾಠವಾದ ಕ್ಯಾನ್‌ಸ್ಕೇಟ್ ಮುಗಿಯಲಿ, ಡಚ್ ವಾಲ್ಟ್ಸ್, ಕನಾಸ್ಟಾ ಟ್ಯಾಂಗೊದಂಥ ಮೊದಲ ಹಂತದ ನೃತ್ಯಗಳು ತಾಳಕ್ಕೆ ಸರಿಯಾಗಿ ಬರಲಿ. ಬ್ಲೇಡ್‌ನ ಒಳ ಅಂಚು (ಎಡ್ಜ್), ಹೊರ ಅಂಚು ಎರಡರಲ್ಲೂ ಅಲುಗಾಡದೆ ನಿಲ್ಲುವಂತಾಗಲಿ, ಜೊತೆಗೆ ಕುಣಿಯುವವರು ಸಿಗಲಿ. ಜೋಡಿ ಕೂಡಿದ ಮೇಲೆ ಜಿಗಿತದ ಸ್ಕೇಟಿಂಗ್‌ನ ಬ್ಲೇಡನ್ನೇ ಮುಂದುವರಿಸಬೇಡಿ. ಡಾನ್ಸ್ ಬ್ಲೇಡ್‌ನ ಬಾಲ ಸುಮಾರು ಒಂದು ಇಂಚು ಗಿಡ್ಡ. ಉದ್ದ ಬಾಲವಿದ್ದರೆ ಹಿಮ್ಮುಖವಾಗಿ ಜಾರುವಾಗ ಜೊತೆಗಾರರ ಬ್ಲೇಡ್ ಅದರ ಮೇಲೆ ಹತ್ತಿ ಇಬ್ಬರೂ ಒಟ್ಟಿಗೇ ಬೀಳುತ್ತಾರೆ.