ವಿಂಡೋಸ್ 10 ಹೋಮ್, ಮೂರು ವರ್ಷದ ಬಳಕೆ: 8 ಜಿಬಿ ಹಾಕಿದರೂ ಸಿಕ್ಕಿದ್ದು 3.2 ಜಿಬಿ

ನಮ್ಮದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘಗಳ ವಾರ್ಷಿಕ ವರದಿ, ಇದೇ ಕೆಲಸ. ಫೋಟೋ ಜಾಸ್ತಿ ಇರುವ ಫೈಲ್ ತೆರೆದರೆ ಸಿಸ್ಟಂ ಹ್ಯಾಂಗ್ ಆಗುತ್ತಿತ್ತು ಅಂತ ಮೊದಲ ವರ್ಷವೇ 4 ಜಿಬಿ ರ‍್ಯಾಮ್ ಜೊತೆ ಇನ್ನೊಂದು 4 ಜಿಬಿ ಹಾಕಿಸಿದೆ.

ಏನೂ ಬದಲಾಗಲಿಲ್ಲ. ಸೆಟ್ಟಿಂಗ್ಸ್‌ನ ಅಬೌಟ್‌ನಲ್ಲಿ ನೋಡಿದರೆ 8 ಜಿಬಿ ಅಂತ ಇದೆ, ಪಕ್ಕದಲ್ಲೇ ಬಳಸಲು ಸಿಗುವುದು 3.2 ಜಿಬಿ ಅಂತಲೂ ಇದೆ. ಹೊಸ ಸ್ಟಿಕ್ಕೇ ಸರಿಯಿಲ್ಲ ಅಂದುಕೊಂಡೆ. ತೆಗೆದು, ಕಾಂಟ್ಯಾಕ್ಟ್‌ಗಳನ್ನು ರಬ್ಬರಿನಿಂದ ಉಜ್ಜಿ, ಸ್ಲಾಟ್ ಅದಲು ಬದಲು ಮಾಡಿ, ವಿಂಡೋಸ್‌ನದೇ ಸೆಟ್ಟಿಂಗ್ ಟೂಲ್ ಆದ ಎಂಎಸ್‌ಕಾನ್ಫಿಗ್‌ನ ಬೂಟ್ ಆಯ್ಕೆಗಳಲ್ಲಿ ರ‍್ಯಾಮ್ ಬಳಕೆಗೆ ಮಿತಿ ಹಾಕುವ ಮ್ಯಾಕ್ಸಿಮಮ್ ಮೆಮೊರಿಗೆ ಟಿಕ್ ಇದೆಯಾ ಅಂತಲೂ ನೋಡಿದೆ. ಇರಲಿಲ್ಲ. ಮದುವೆ ಸೀಸನ್‌ನಲ್ಲಿ ಎರಡು ದಿನ ಹೋಯಿತು.

ಮೊದಲೇ ಬಯೋಸ್, ಅಂದರೆ ವಿಂಡೋಸ್ ಶುರುವಾಗುವ ಮುಂಚೆ ತೆರೆಯಬಹುದಾದ ಸೆಟ್ಟಿಂಗ್ ಪರದೆ, ನೋಡಬೇಕಿತ್ತು. ಅಲ್ಲಿ 8192 ಎಂಬಿ ಪೂರ್ತಿ ಕಾಣುತ್ತಿತ್ತು. ಅಲ್ಲಿ ಪೂರ್ತಿ ಕಂಡರೆ ಮದರ್‌ಬೋರ್ಡ್ ಎರಡೂ ಸ್ಟಿಕ್ಕನ್ನು ಗುರುತಿಸಿದೆ ಅಂತ ಅರ್ಥ, ಆಮೇಲೆ ಹುಡುಕಬೇಕಾದ್ದು ವಿಂಡೋಸ್ ಒಳಗೆ. ಬಯೋಸ್‌ನಲ್ಲೂ ಕಡಿಮೆ ಕಂಡರೆ ಮಾತ್ರ ಸ್ಲಾಟ್, ಸ್ಟಿಕ್ ಕಡೆ ಹೋಗಿ.

ಉತ್ತರ ಅದೇ ಅಬೌಟ್ ಪುಟದಲ್ಲಿ, ಸಿಸ್ಟಂ ಟೈಪ್ ಎಂಬ ಸಾಲಿನಲ್ಲಿತ್ತು: ಪ್ರೊಸೆಸರ್ 64 ಬಿಟ್‌ನದು, ವಿಂಡೋಸ್ ಮಾತ್ರ 32 ಬಿಟ್. ನಮ್ಮ ಹಳೆ ಸ್ಕ್ಯಾನರ್‌ನ ಡ್ರೈವರ್ 32 ಬಿಟ್‌ಗೆ ಮಾತ್ರ ಇದ್ದುದರಿಂದ ಸಿಸ್ಟಂ ಹಾಕಿಕೊಟ್ಟವರು ಅದನ್ನೇ ಹಾಕಿದ್ದರು, ನನಗೆ ಒಂದು ಮಾತು ಹೇಳಿರಲಿಲ್ಲ. 32 ಬಿಟ್ ವಿಂಡೋಸ್ 10ಕ್ಕೆ 4 ಜಿಬಿಯೇ ಮಿತಿ, ಅದರೊಳಗೇ ಗ್ರಾಫಿಕ್ಸ್ ಮತ್ತು ಉಳಿದ ಹಾರ್ಡ್‌ವೇರ್‌ಗೂ ವಿಳಾಸ ಕೊಡಬೇಕು, ಹಾಗಾಗಿ ನಮಗೆ ಉಳಿಯುವುದು ಮೂರು ಚಿಲ್ಲರೆ. ಇನ್ನೆಷ್ಟು ಸ್ಟಿಕ್ ಹಾಕಿದರೂ ಸುಮ್ನೆ ದುಡ್ಡು ದಂಡ.

32ರಿಂದ 64ಕ್ಕೆ ಅಪ್‌ಗ್ರೇಡ್ ಮಾಡಲು ಆಗುವುದಿಲ್ಲ, ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ಫೈಲ್, ಫಾಂಟ್ ಎಲ್ಲ ಬ್ಯಾಕಪ್ ತೆಗೆದುಕೊಂಡು ಒಂದು ಭಾನುವಾರ ಮಾಡಿದೆ. ಆವೃತ್ತಿ ಅದೇ ಹೋಮ್ ಆದ್ದರಿಂದ ಹಳೆ ಲೈಸೆನ್ಸೇ ನಡೆಯಿತು. ಈಗ 7.9 ಜಿಬಿ ಸಿಗುತ್ತಿದೆ, ನೂರು ಪುಟದ ಸ್ಮರಣ ಸಂಚಿಕೆಯನ್ನೂ ತಡವರಿಸದೆ ತೆರೆಯುತ್ತದೆ. ಅದಾದ ಮೇಲೆ ವಿಂಡೋಸ್ ಒಂದು ದಿನವೂ ಕೈಕೊಟ್ಟಿಲ್ಲ. 5ಕ್ಕೆ 4 ಕೊಡುತ್ತೇನೆ. ಬಳಸಲು ಸಿಗುವುದು ಇಷ್ಟೇ ಅಂತ ತೋರಿಸುವ ಜಾಗದಲ್ಲೇ ಕಾರಣವನ್ನೂ ಒಂದು ಸಾಲು ಬರೆದಿದ್ದರೆ ನನ್ನಂಥವರಿಗೆ ಎಷ್ಟು ಅನುಕೂಲ, ಅಲ್ವಾ?

ಸ್ಕ್ಯಾನರ್‌ಗೆ ಮಾತ್ರ 64 ಬಿಟ್ ಡ್ರೈವರ್ ಸಿಗಲೇ ಇಲ್ಲ. ಅದನ್ನು ಮನೆಯ ಹಳೆ ಕಂಪ್ಯೂಟರಿಗೆ ಹಾಕಿ, ರಾತ್ರಿ ಅಲ್ಲಿ ಸ್ಕ್ಯಾನ್ ಮಾಡಿ ಬೆಳಿಗ್ಗೆ ಪೆನ್‌ಡ್ರೈವ್‌ನಲ್ಲಿ ತರುತ್ತೇನೆ.