"ಡಿಮೆನ್ಶಿಯಾ ಸ್ಪೆಷಲ್ ಕೇರ್" ಬೋರ್ಡ್ ನೋಡಿ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಬೆಂಗಳೂರಿನಲ್ಲಿ ಅಪ್ಪನಿಗೋ ಅಮ್ಮನಿಗೋ ಮರೆವಿನ ಕಾಯಿಲೆ ಅಂತ ಕೇರ್ ಹೋಮ್ ಹುಡುಕುತ್ತಿದ್ದೀರಾ? ದಯವಿಟ್ಟು ಪೂರ್ತಿ ಓದಿ. ನಮಗೆ ಮೋಸ ಮಾಡಿದ ಕೇರ್ ಹೋಮ್ ಹೆಸರು ಹಾಕಬೇಡಿ ಅಂತ ವಕೀಲರು ಹೇಳಿದ್ದಾರೆ, ಅದಕ್ಕೆ ಹಾಕುತ್ತಿಲ್ಲ. ಹಾಕೋಕೆ ಕೈ ತುರಿಸುತ್ತಿದೆ, ಅದು ಬೇರೆ ವಿಷಯ.

ನಮ್ಮ ಅಮ್ಮನಿಗೆ ಆಲ್ಝೈಮರ್ಸ್. ರಾತ್ರಿ ಎದ್ದು "ಮನೆಗೆ ಹೋಗಬೇಕು" ಅಂತ ಬಾಗಿಲು ಬಡಿಯುತ್ತಿದ್ದರು. ಮನೆಗೆ ಬಂದ ಆಯಾಗಳು ಒಬ್ಬರೂ ನಿಲ್ಲಲಿಲ್ಲ. ಈ ಕಷ್ಟ ಅನುಭವಿಸಿದವರಿಗೆ ಗೊತ್ತೇ ಇರುತ್ತೆ. ಕೊನೆಗೆ ಒಂದು ಕೇರ್ ಹೋಮ್‌ಗೆ ಸೇರಿಸಿದೆವು. ತಿಂಗಳಿಗೆ 48 ಸಾವಿರ, ಮೂರು ತಿಂಗಳ ಅಡ್ವಾನ್ಸ್, ಡೈಪರ್ ಮತ್ತು ಔಷಧಿ ಖರ್ಚು ಬೇರೆ. ಸೇರಿಸಿದ ದಿನ ಮ್ಯಾನೇಜರ್ ಅಮ್ಮನ ಕಾಲು ಮುಟ್ಟಿ ನಮಸ್ಕಾರ ಬೇರೆ ಮಾಡಿದ! ಆಮೇಲೆ ಹೇಳಿದ: "ಒಂದು ತಿಂಗಳು ಬರಬೇಡಿ ಮೇಡಂ. ನಿಮ್ಮನ್ನ ನೋಡಿದ್ರೆ ಅಜ್ಜಿ ಹಠ ಮಾಡ್ತಾರೆ, ಸೆಟಲ್ ಆಗಲ್ಲ. ದಿನಾ ಫೋಟೋ ಕಳಿಸ್ತೀವಿ."

ಫೋಟೋ ಬಂದವು. ದಿನಾ ಸಂಜೆ, ತಪ್ಪದೆ. ಜಡೆ ಹಾಕಿ, ಕನಕಾಂಬರ ಮುಡಿದು, ಬೇರೆ ಬೇರೆ ಸೀರೆ ಉಟ್ಟ ಅಮ್ಮ. ನಾನು ಅದನ್ನೆಲ್ಲ ನೆಂಟರ ಗ್ರೂಪಿಗೆ ಹಾಕುತ್ತಿದ್ದೆ, ನೋಡಿ ಎಷ್ಟು ಚೆನ್ನಾಗಿ ನೋಡಿಕೊಳ್ತಾರೆ ಅಂತ.

ತಿಂಗಳು ಮುಗಿಯುವ ಮುಂಚೆಯೇ ಮನಸ್ಸು ತಡೆಯದೆ ಹೇಳದೆ ಕೇಳದೆ ಹೋದೆ. ಹಾಲ್‌ನಲ್ಲಿ ಅಮ್ಮನನ್ನು ಹುಡುಕುತ್ತಿದ್ದೇನೆ, ಕಾಣುತ್ತಿಲ್ಲ. ಕಣ್ಣ ಮುಂದೆಯೇ ಇದ್ದರು. ಕೂದಲನ್ನು ಗಂಡುಮಕ್ಕಳ ಹಾಗೆ ಕತ್ತರಿಸಿಬಿಟ್ಟಿದ್ದರು, ಗುರುತೇ ಸಿಗಲಿಲ್ಲ. ಮೈಮೇಲೆ ಯಾರದೋ ನೈಟಿ. ಹಳೇ ದುಪಟ್ಟಾದಿಂದ ಸೊಂಟವನ್ನು ಪ್ಲಾಸ್ಟಿಕ್ ಕುರ್ಚಿಗೆ ಕಟ್ಟಿ, ಗಂಟನ್ನು ಹಿಂದೆ ಹಾಕಿದ್ದರು, ಅವರ ಕೈಗೆ ಸಿಗದ ಹಾಗೆ. ತಲೆ ಎದೆ ಮೇಲೆ ಬಿದ್ದಿತ್ತು, ಬಾಯಿಂದ ಜೊಲ್ಲು. ಹಿಂದಿನ ಸಂಜೆ ಬಂದ ಫೋಟೋದಲ್ಲಿ ಜಡೆ ಇತ್ತಲ್ಲ? ಜಡೆ ಇತ್ತು, ಹೂವಿತ್ತು! ಮೊದಲ ಎರಡು ಮೂರು ದಿನದಲ್ಲೇ ಸೀರೆ ಬದಲಾಯಿಸಿ ಬದಲಾಯಿಸಿ ಎಲ್ಲಾ ಫೋಟೋ ತೆಗೆದಿಟ್ಟುಕೊಂಡಿದ್ದಾರೆ ಅಂತ ಆಯಾ ಬಾಯಿಬಿಟ್ಟಳು.

ಮ್ಯಾನೇಜರ್ ಉತ್ತರ ಕೇಳಿ. ಕೂದಲು ಯಾಕೆ? "ಹೇನಾಗಿತ್ತು ಮೇಡಂ." ಕಟ್ಟಿದ್ದು ಯಾಕೆ? "ಬಿದ್ದರೆ ನೀವೇ ಜಗಳಕ್ಕೆ ಬರ್ತೀರಿ. ಸ್ಟಾಫ್ ಕಡಿಮೆ." ಇಷ್ಟು ಮಂಪರು ಯಾಕೆ? "ವಯಸ್ಸಾಯ್ತಲ್ವಾ?" ವಯಸ್ಸಲ್ಲ ರೀ, ಕ್ವೆಟಿಯಾಪಿನ್! ಮಾನಸಿಕ ಕಾಯಿಲೆಗೆ ಕೊಡುವ, ಮಂಪರು ಬರಿಸುವ ಮಾತ್ರೆ. ನಮ್ಮ ಡಾಕ್ಟರ್ ಅದನ್ನು ಬರೆದುಕೊಟ್ಟೇ ಇರಲಿಲ್ಲ. ಇಂಥ ಔಷಧಿಗಳಿಂದ ಡಿಮೆನ್ಶಿಯಾ ಇರುವ ವಯಸ್ಸಾದವರಲ್ಲಿ ಸಾವಿನ ಅಪಾಯ ಹೆಚ್ಚುತ್ತೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಡಾಕ್ಟರು ನೋಡಿ, ಅಳೆದು ಕೊಟ್ಟರೆ ಅದು ಬೇರೆ. ಇಲ್ಲಿ ರಾತ್ರಿ ಆಯಾಗೆ ನಿದ್ದೆ ಬರಲಿ ಅಂತ ನಮ್ಮಮ್ಮನಿಗೆ ಮಾತ್ರೆ!

ನಾನು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳಿದೆ. ಸಿಬ್ಬಂದಿ ಸಾಲದು ಅನ್ನುವ ಕಾರಣಕ್ಕೆ ಯಾರನ್ನೂ ಕಟ್ಟಿಹಾಕುವ ಹಾಗಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಅದಕ್ಕೆ ಅವನು ತಣ್ಣಗೆ, "ಅದೆಲ್ಲ ಆಸ್ಪತ್ರೆಗೆ ಮೇಡಂ. ನಮ್ಮದು ಬರೀ ವೃದ್ಧಾಶ್ರಮ" ಅಂದ. ಅವನ ತಲೆ ಮೇಲೆಯೇ ಬೋರ್ಡ್: ಡಿಮೆನ್ಶಿಯಾ ಸ್ಪೆಷಲ್ ಕೇರ್, 24 ಗಂಟೆ ನರ್ಸ್. ದುಡ್ಡು ತೆಗೆದುಕೊಳ್ಳುವಾಗ ಸ್ಪೆಷಲ್ ಕೇರ್, ಪ್ರಶ್ನೆ ಕೇಳಿದರೆ ಬರೀ ವೃದ್ಧಾಶ್ರಮ!

ಅವತ್ತೇ ಮನೆಗೆ ಕರಕೊಂಡು ಬಂದೆವು. ಬೆನ್ನ ಕೆಳಗೆ ಬೆಡ್ ಸೋರ್ ಆಗಿತ್ತು, ಈಗಲೂ ಡ್ರೆಸ್ಸಿಂಗ್ ನಡೀತಿದೆ. "ಅಷ್ಟೊಂದು ದುಡ್ಡು ಕೊಟ್ಟು ಹೀಗಾ?" ಅಂತ ಚಿಕ್ಕಮ್ಮ ಎಲ್ಲರ ಮುಂದೆ ಕೇಳಿದಾಗ ತಲೆ ಎತ್ತೋಕಾಗಲಿಲ್ಲ.

"ಬರಬೇಡಿ" ಅನ್ನುವ ಜಾಗಕ್ಕೆ ಸೇರಿಸಲೇಬೇಡಿ. ರಾತ್ರಿ ಊಟದ ಹೊತ್ತಿಗೆ ಸುಮ್ನೆ ಹೋಗಿ ನಿಂತು ನೋಡಿ, ಹಗಲು ಎಲ್ಲಾ ಕಡೆ ಚೆಂದವೇ. ರಾತ್ರಿ ಎಷ್ಟು ಜನಕ್ಕೆ ಎಷ್ಟು ಆಯಾ ಅಂತ ಕೇಳಿ. ಫೋಟೋ ಬೇಡ, ವಿಡಿಯೋ ಕಾಲ್ ಮಾಡಿಸಿ. ಯಾವ ಮಾತ್ರೆ, ಯಾರು ಬರೆದುಕೊಟ್ಟಿದ್ದು, ಬರವಣಿಗೆಯಲ್ಲಿ ತಗೊಳ್ಳಿ. ಹಿರಿಯರ ಸಹಾಯವಾಣಿ 14567 ಇದೆ, ಫೋನ್ ಮಾಡಿ.

ಅಡ್ವಾನ್ಸ್ ವಾಪಸ್ ಕೇಳಿದೆ. "ಒಂದು ತಿಂಗಳ ನೋಟಿಸ್ ಕೊಡದೆ ಕರಕೊಂಡು ಹೋಗಿದೀರಿ, ನಮಗೇ ಬಾಕಿ ಬರಬೇಕು" ಅಂತ ಉತ್ತರ ಬಂತು. ಜೊತೆಗೆ ಡೈಪರ್ ಬಿಲ್ಲು! ಗ್ರಾಹಕರ ಆಯೋಗಕ್ಕೆ ದೂರು ತಯಾರಾಗುತ್ತಿದೆ. ಇದೇ ಥರ ಜಡೆ ಹಾಕಿದ ಫೋಟೋ ನಿಮಗೂ ಬರುತ್ತಿದ್ದರೆ ಅಳಿಸಬೇಡಿ, ರಸೀದಿಯ ಜೊತೆ ಎತ್ತಿಡಿ. ಇವತ್ತೇ ಒಮ್ಮೆ ಹೋಗಿ ನೋಡಿಕೊಂಡು ಬನ್ನಿ.