40 ನಿಮಿಷ ಸಾಕು: ಝೂಮ್ ಉಚಿತ ಆವೃತ್ತಿ ಬಳಸಿದ ಅನುಭವ

ಉಡುಪಿಯಲ್ಲಿ ನಮ್ಮ ಮನೆಯ ಮಾಳಿಗೆಗೆ ತಗಡಿನ ಮಾಡು. ಜೂನ್ ಹಿಡಿದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಅಲ್ಲಿಂದಲೇ ಪ್ರತಿ ಸೋಮವಾರ ಬೆಂಗಳೂರು, ಪುಣೆಯ ಆರು ಜನರ ಮೀಟಿಂಗ್ ನಡೆಸುವವಳು ನಾನು.

ಝೂಮ್‌ನ ಉಚಿತ ಆವೃತ್ತಿಯಲ್ಲಿ 40 ನಿಮಿಷಕ್ಕೆ ಮೀಟಿಂಗ್ ಮುಗಿಯುತ್ತದೆ. ನನಗೆ ಅದೇ ಇಷ್ಟ. ಹಿಂದಿನ ದಿನವೇ ಮೂರು ಪ್ರಶ್ನೆ ಬರೆದು ಕಳಿಸುತ್ತೇನೆ, ಮೂರಕ್ಕೂ ಉತ್ತರ ಸಿಕ್ಕ ಕೂಡಲೇ ಎದ್ದುಬಿಡುತ್ತೇವೆ. ಮೊದಲು ಒಂದೂವರೆ ಗಂಟೆ ಎಳೆಯುತ್ತಿತ್ತು.

ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಹಿನ್ನೆಲೆ ಸದ್ದು ತಗ್ಗಿಸುವ ಆಯ್ಕೆ ಉಂಟು. ‘ಹೈ’ಗೆ ಇಟ್ಟರೆ ತಗಡಿನ ಮೇಲಿನ ಮಳೆ ಆಚೆಯವರಿಗೆ ಬಹುಪಾಲು ಕೇಳುವುದಿಲ್ಲ. ಜೊತೆಗೆ ತಂತಿಯ ಇಯರ್‌ಫೋನ್ ಹಾಕಿ, ಮೈಕ್ ಬಾಯಿಯ ಹತ್ತಿರವೇ ಇರಲಿ.

ಎಲ್ಲರೂ ಮ್ಯೂಟ್‌ನಲ್ಲಿರುತ್ತೇವೆ. ಮಾತಾಡುವಾಗ ಸ್ಪೇಸ್‌ಬಾರ್ ಒತ್ತಿ ಹಿಡಿಯುವುದು, ಬೆರಳು ತೆಗೆದರೆ ಮತ್ತೆ ಮ್ಯೂಟ್. ಮೊದಲ ಸರದಿ ತಂಡದ ಅತಿ ಕಿರಿಯ ಹುಡುಗಿಗೆ. ತಿಂಗಳುಗಟ್ಟಲೆ ಬಾಯಿ ಬಿಡದವಳು ಕಳೆದ ವಾರ ನಮ್ಮ ಲೆಕ್ಕದಲ್ಲಿದ್ದ ದೊಡ್ಡ ತಪ್ಪೊಂದನ್ನು ತೋರಿಸಿಕೊಟ್ಟಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಮೀಟಿಂಗ್ ಮುಗಿದ ಮೇಲೆ ಅವಳಿಗೆ ಫೋನ್ ಮಾಡಿಯೇ ಹೇಳಿದೆ.

ಮತ್ತೆ ಮಳೆಗಾಲಕ್ಕೆ ಮುಂಚೆ ರೂಟರ್‌ಗೊಂದು ಪುಟ್ಟ ಯುಪಿಎಸ್ ತಂದಿಟ್ಟುಕೊಳ್ಳಿ.